ನಿಂತ ಕಾರು, ನಿಲ್ಲದ ಐಡ್ಲಿಂಗ್

16 ತಿಂಗಳು ಹೊದಿಕೆ ಹೊದ್ದು ಮಲಗಿದ್ದ ಕಾರನ್ನು ಎಬ್ಬಿಸಿದ ದಿನ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಬಾನೆಟ್ ಎತ್ತಿದೆ, ಸ್ಕ್ರೂ ಡ್ರೈವರ್ ಹಿಡಿದೆ, ಐಡ್ಲಿಂಗ್ (ಗಾಡಿ ನಿಂತಲ್ಲೇ ಎಂಜಿನ್ ಓಡುವ ವೇಗ) ಸ್ಕ್ರೂ ತಿರುಗಿಸಿಬಿಟ್ಟೆ.

ಕಾರು 1967ರ ಎಂಜಿಬಿ. ಎರಡು ಸೀಟು, ಮಡಚಿ ಇಡುವ ಬಟ್ಟೆಯ ಮೇಲ್ಛಾವಣಿ, 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಅದರ ಮಗ್ಗುಲಲ್ಲಿ ಅವಳಿ ಮಕ್ಕಳ ಹಾಗೆ ಕೂತ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ಈ ಮಾದರಿಯ ಕಾರುಗಳು 5 ಲಕ್ಷಕ್ಕೂ ಜಾಸ್ತಿ ತಯಾರಾದವು. ಅಪರೂಪದ ಗಾಡಿಯೇನಲ್ಲ. ಒಳಗೆ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಕೋಡ್ ಓದುವ ಯಂತ್ರಕ್ಕೆ ಸಾಕೆಟ್ಟೂ ಇಲ್ಲ. ಎಲ್ಲವೂ ಕಣ್ಣಿಗೆ ಕಾಣುವಂಥದ್ದು. ಹಾಗಾಗಿ ಸುಲಭ ಅಂದುಕೊಳ್ಳುವುದು ಸಹಜ.

ಸ್ಟಾರ್ಟ್ ಆಗಲು ಅದೇನೂ ಜಾಸ್ತಿ ಸತಾಯಿಸಲಿಲ್ಲ. ಚೋಕ್ ಎಳೆದು ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಕೆಮ್ಮುತ್ತಾ ಎದ್ದಿತು. ಬಿಸಿಯಾದ ಮೇಲೆ ಚೋಕ್ ಒಳಗೆ ತಳ್ಳಿದೆ. ಆಗ ಶುರುವಾಯಿತು ನೋಡಿ. ಆರ್‌ಪಿಎಂ ಮುಳ್ಳು 1100ಕ್ಕೆ ಏರುತ್ತದೆ, ಅಲ್ಲೇ ಒಂದು ಗಳಿಗೆ ಯೋಚಿಸುತ್ತದೆ, 500ಕ್ಕೆ ಕುಸಿಯುತ್ತದೆ. ಇಡೀ ಕಾರು ಒಮ್ಮೆ ಗಡಗಡ ನಡುಗುತ್ತದೆ. ಮತ್ತೆ ಏರುತ್ತದೆ. ಮೂರನೆಯ ಸಲ ಕುಸಿದದ್ದು ಮೇಲೇಳಲಿಲ್ಲ. ಹಿಂದೆ ಕಪ್ಪು ಹೊಗೆ, ಕಣ್ಣು ಉರಿಸುವ ಹಸಿ ಪೆಟ್ರೋಲ್ ವಾಸನೆ.

ಆಫ್ ಆಗುತ್ತಿದೆಯಲ್ಲ, ಐಡ್ಲಿಂಗ್ ಸ್ವಲ್ಪ ಏರಿಸೋಣ ಅಂತ ಎರಡೂ ಕಾರ್ಬುರೇಟರ್‌ಗಳ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಸ್ಕ್ರೂ ತಿರುಗಿಸಿದೆ. ಕಪ್ಪು ಹೊಗೆ ಬರುತ್ತಿದೆಯಲ್ಲ, ಪೆಟ್ರೋಲ್ ಕಡಿಮೆ ಮಾಡೋಣ ಅಂತ ಕೆಳಗಿನ ಮಿಕ್ಸ್ಚರ್ ನಟ್ಟಿಗೆ ಕೈ ಹಾಕಿದೆ. ಹಿಂದಿನ ಕಾರ್ಬುರೇಟರ್‌ನ ಆರು ಮುಖದ ನಟ್ಟನ್ನು ಮೂರು ಮುಖದಷ್ಟು ಮೇಲಕ್ಕೆ ತಿರುಗಿಸಿದೆ. ಏನೂ ಆಗಲಿಲ್ಲ. ಇನ್ನೆರಡು ಮುಖ. ಊಹೂಂ. ಮುಂದಿನದಕ್ಕೆ ಹೋದೆ, ಅದು ಮಾತ್ರ ಮುಟ್ಟಿದ ತಕ್ಷಣ ದನಿ ಬದಲಿಸಿತು. ಹಿಂದಿನ ನಟ್ಟು ತಿರುಗಿಸಿದರೂ ಎಂಜಿನ್‌ಗೆ ಗೊತ್ತೇ ಆಗಲಿಲ್ಲ ಅನ್ನುವುದು ಅವತ್ತಿನ ದೊಡ್ಡ ಸುಳಿವು. ಕಣ್ಣೆದುರೇ ಇತ್ತು. ನಾನು ಗಮನಿಸಲಿಲ್ಲ.

ಡ್ರೈವರ್ ಸೀಟಿನಲ್ಲಿ ಕೂತು ಮುಳ್ಳು ನೋಡುತ್ತಿದ್ದ ಮಗಳು ಕೇಳಿದಳು, "ಅಪ್ಪಾ, ಮೊದಲು ಎಲ್ಲಿತ್ತು ಅಂತ ಬರೆದಿಟ್ಕೊಂಡಿದೀಯಾ?"

ಇಲ್ಲ ಅಂದೆ.

"ಮತ್ತೆ ವಾಪಸ್ ಹೇಗೆ ಹೋಗ್ತೀಯಾ?"

ಎಂಜಿನ್ ಆಫ್ ಮಾಡು ಅಂದೆ. ಅದು ಆಗಲೇ ಆಫ್ ಆಗಿತ್ತು.

ರಾತ್ರಿ ಕೂತು ಯೋಚಿಸಿದಾಗ ನಾಚಿಕೆಯಾಯಿತು. ಹೊದಿಕೆ ಹಾಕಿದ ದಿನ ಈ ಕಾರು 750 ಆರ್‌ಪಿಎಂನಲ್ಲಿ ಗುರುಗುರು ಅನ್ನುತ್ತಾ ನಿಂತಿತ್ತು. ಹೊದಿಕೆಯೊಳಗೆ ಯಾವ ಸ್ಕ್ರೂ ತಾನಾಗಿ ತಿರುಗುತ್ತದೆ? ಯಾವ ನಟ್ಟು ತಾನಾಗಿ ಮೇಲೇರುತ್ತದೆ? ಅಂದರೆ ನಾನು ಮುಟ್ಟಿದ ನಾಲ್ಕು ಜಾಗಗಳಲ್ಲಿ ಒಂದರಲ್ಲೂ ತೊಂದರೆ ಇರಲು ಸಾಧ್ಯವಿರಲಿಲ್ಲ. ಸರಿ ಇದ್ದ ನಾಲ್ಕನ್ನು ಕೆಡಿಸಿ, ಕೆಟ್ಟದ್ದನ್ನು ಹಾಗೇ ಬಿಟ್ಟಿದ್ದೆ. ಓಡಿಸುತ್ತಾ ಓಡಿಸುತ್ತಾ ಕೆಟ್ಟ ಕಾರಿಗೆ ಕೇಳುವ ಪ್ರಶ್ನೆ ಬೇರೆ, ನಿಂತು ನಿಂತು ಕೆಟ್ಟ ಕಾರಿಗೆ ಕೇಳುವ ಪ್ರಶ್ನೆ ಬೇರೆ. ಸುಮ್ನೆ ನಿಂತಿದ್ದಾಗ ಏನೇನು ಬದಲಾಗುತ್ತದೆ? ಪೆಟ್ರೋಲ್ ಹಳಸುತ್ತದೆ. ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ತಾಮ್ರ, ಟಂಗ್‌ಸ್ಟನ್ ಮೇಲೆ ಕಿಲುಬು ಕೂರುತ್ತದೆ. ಜಾರಬೇಕಾದದ್ದು ಅಂಟಿಕೊಳ್ಳುತ್ತದೆ. ಬ್ಯಾಟರಿ ಇಳಿಯುತ್ತದೆ. ಹುಡುಕಬೇಕಾದದ್ದು ಇಷ್ಟರಲ್ಲೇ.

ಮರುದಿನ ಮೊದಲು ಬ್ಯಾಟರಿ. ಈ ಕಾರಿನಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳಿವೆ, ಅದೂ ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಕಾರಿನ ಬಾಡಿಗೆ ಸೇರಿದೆ. ಚಾರ್ಜರ್ ಅಥವಾ ಟೈಮಿಂಗ್ ಲೈಟ್ ಸಿಕ್ಕಿಸುವಾಗ ಎರಡು ಸಲ ನೋಡಿ ಸಿಕ್ಕಿಸಬೇಕು. ಇನ್ನೊಂದು ವಿಷಯ, ಇದರಲ್ಲಿರುವುದು ಆಲ್ಟರ್ನೇಟರ್ ಅಲ್ಲ, ಡೈನಮೊ. ಐಡ್ಲಿಂಗ್‌ನಲ್ಲಿ ಅದು ಚಾರ್ಜ್ ಮಾಡುವುದಿಲ್ಲ. ಬ್ಯಾಟರಿ ಅರ್ಧ ಇಳಿದಿದ್ದರೆ ಐಡ್ಲಿಂಗ್‌ನಲ್ಲೇ ಕಿಡಿ ಸೊರಗುತ್ತದೆ, ನಾವು ಕಾರ್ಬುರೇಟರ್‌ಗೆ ಬೈಯುತ್ತೇವೆ. ರಾತ್ರಿಯಿಡೀ ಚಾರ್ಜ್‌ಗೆ ಹಾಕಿದ್ದೆ.

ಪೆಟ್ರೋಲ್ ಪಂಪು ಇರುವುದು ಹಿಂದಿನ ಚಕ್ರದ ಹತ್ತಿರ. ಕೀ ತಿರುಗಿಸಿದರೆ ಟಿಕ್ ಟಿಕ್ ಟಿಕ್ ಅನ್ನಬೇಕು, ಕಾರ್ಬುರೇಟರ್ ಬಟ್ಟಲು ತುಂಬಿದ ಮೇಲೆ ಸುಮ್ಮನಾಗಬೇಕು. ತುಂಬಾ ದಿನ ನಿಂತ ಕಾರಿನಲ್ಲಿ ಅದರ ಪಾಯಿಂಟುಗಳೂ (ಒಂದಕ್ಕೊಂದು ತಾಗಿ ಕರೆಂಟ್ ಹರಿಸುವ ತುದಿಗಳು) ಕಿಲುಬು ಹಿಡಿದು ಪಂಪು ಮೂಗನಾಗಿರುತ್ತದೆ. ಸ್ಕ್ರೂ ಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಎಚ್ಚರಾಗುತ್ತದೆ. ನನ್ನದು ಟಿಕ್ ಅಂದಿತು, ಸುಮ್ಮನೂ ಆಯಿತು. ಬಟ್ಟಲು ತುಂಬಿದ ಮೇಲೂ ಕೆಲವು ಸೆಕೆಂಡಿಗೊಮ್ಮೆ ಟಿಕ್ ಅನ್ನುತ್ತಿದ್ದರೆ ಪೆಟ್ರೋಲ್ ಎಲ್ಲೋ ಸೋರುತ್ತಿದೆ ಅಥವಾ ಬಟ್ಟಲಿಗೆ ಪೆಟ್ರೋಲ್ ಬರುವ ದಾರಿಯನ್ನು ಫ್ಲೋಟ್ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ ಅಂತ ಅರ್ಥ.

ಆಮೇಲೆ ಬಟ್ಟಲು ಬಿಚ್ಚಿದೆ. ಹಳೆ ಪೆಟ್ರೋಲಿನ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಪೆಟ್ರೋಲ್ ಅನ್ನುವುದಕ್ಕಿಂತ ವಾರ್ನಿಶ್ ಅನ್ನಬೇಕು. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಭಾಗ ಮೊದಲು ಹಾರಿಹೋಗುತ್ತದೆ, ಎಂಜಿನ್ ಬೇಗ ಹೊತ್ತಿಕೊಳ್ಳಲು ಬೇಕಾದದ್ದೂ ಅದೇ. ಉಳಿದದ್ದು ಗಾಳಿಯ ಜೊತೆ ಸೇರಿ ಅಂಟಾಗುತ್ತದೆ. ಎಥೆನಾಲ್ ಬೆರೆತಿದ್ದರೆ ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದು ತಳದಿಂದಲೇ, ಅಲ್ವಾ? ನನ್ನ ಬಟ್ಟಲಿನ ತಳದಲ್ಲಿ ಬೆರಳಿಗೆ ಹತ್ತುವಷ್ಟು ಕಂದು ಗಸಿ ಇತ್ತು. ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ತುಂಬಿಸಿದೆ. ಶಟರ್ ಪೂರ್ತಿ ತೆರೆದಿಟ್ಟು, ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು. ಇದರಲ್ಲಿ ಧೈರ್ಯ ತೋರಿಸುವಂಥದ್ದೇನೂ ಇಲ್ಲ.

ಹೊಸ ಪೆಟ್ರೋಲ್ ಕುಡಿದು ಎಂಜಿನ್ ಬೇಗ ಎದ್ದಿತು. ಐಡ್ಲಿಂಗ್ ಮಾತ್ರ ಹಾಗೇ, ಉಯ್ಯಾಲೆ.

ಈಗ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ನಾಲ್ಕನ್ನೂ ಬಿಚ್ಚಿದ ಸಾಲಿನಲ್ಲೇ ಬಟ್ಟೆಯ ಮೇಲೆ ಜೋಡಿಸಿಟ್ಟೆ. 1 ಮತ್ತು 2 ಸುಣ್ಣ ಬಳಿದ ಹಾಗೆ ಬೆಳ್ಳಗೆ. 3 ಮತ್ತು 4 ಮಸಿ ಮೆತ್ತಿದ ಹಾಗೆ ಕಪ್ಪು, ಬೆರಳಿಟ್ಟರೆ ಬೆರಳೂ ಕಪ್ಪು. ನಾಲ್ಕೂ ಕಪ್ಪಾಗಿದ್ದರೆ ಒಂದು ಕಥೆ. ಯಾವುದೋ ಒಂದು ಮಾತ್ರ ಬೇರೆಯಾಗಿದ್ದರೆ ಅದು ಆ ಪ್ಲಗ್‌ನದೋ ವಾಲ್ವ್‌ನದೋ ಕಥೆ. ಇಲ್ಲಿ ಎರಡು ಹೀಗೆ, ಎರಡು ಹಾಗೆ. ಈ ಎಂಜಿನ್ನಿನಲ್ಲಿ ಮುಂದಿನ ಕಾರ್ಬುರೇಟರ್ 1 ಮತ್ತು 2ಕ್ಕೆ ಉಣಿಸುತ್ತದೆ, ಹಿಂದಿನದು 3 ಮತ್ತು 4ಕ್ಕೆ. ಮಧ್ಯೆ ಎರಡನ್ನೂ ಜೋಡಿಸುವ ಕೊಳವೆ ಇದ್ದರೂ ಮುಖ್ಯ ಹಂಚಿಕೆ ಹಾಗೇ. ಅಂದರೆ ಹಿಂದಿನ ಕಾರ್ಬುರೇಟರ್ ಪೆಟ್ರೋಲ್ ಸುರಿಯುತ್ತಿದೆ, ಮುಂದಿನದರ ಕಡೆ ಗಾಳಿ ಜಾಸ್ತಿಯಾಗಿದೆ. ಒಂದೇ ಎಂಜಿನ್ನಿಗೆ ಎರಡು ಉಲ್ಟಾ ರೋಗ.

ಎಸ್‌ಯು ಕಾರ್ಬುರೇಟರ್ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇದನ್ನು ಕಂಡುಹಿಡಿದ ಸ್ಕಿನ್ನರ್ ಸಹೋದರರು ಪಾದರಕ್ಷೆ ವ್ಯಾಪಾರದ ಮನೆತನದವರು. 1900ರ ದಶಕದ ಅವರ ಮೊದಲ ಕಾರ್ಬುರೇಟರ್‌ಗಳಲ್ಲಿ ಚರ್ಮದ ತಿದಿ ಇತ್ತು. ಕಮ್ಮಾರನ ಕುಲುಮೆಯ ತಿದಿ ಇದೆಯಲ್ಲ, ಅದರ ಪುಟ್ಟ ತಮ್ಮ. ಆಮೇಲೆ ಚರ್ಮದ ಜಾಗಕ್ಕೆ ಲೋಹದ ಪಿಸ್ಟನ್ ಬಂತು, ಉಪಾಯ ಮಾತ್ರ ಅದೇ. ಎಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತದೆ. ಪಿಸ್ಟನ್ನಿಗೆ ಚೂಪಾದ ಸೂಜಿಯೊಂದು ಕಚ್ಚಿಕೊಂಡಿದೆ. ಸೂಜಿ ಮೇಲೆದ್ದಷ್ಟೂ ಕೆಳಗಿನ ಜೆಟ್‌ನಲ್ಲಿ ಪೆಟ್ರೋಲ್ ಬರುವ ಜಾಗ ದೊಡ್ಡದಾಗುತ್ತದೆ. ಐಡ್ಲಿಂಗ್‌ಗೆ ಅಂತ ಬೇರೆ ಜೆಟ್ ಇಲ್ಲ. ಒಂದೇ ಜೆಟ್, ಒಂದೇ ಸೂಜಿ. ಚೋಕ್ ಎಳೆದರೆ ಆ ಜೆಟ್ಟೇ ಕೆಳಗಿಳಿಯುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಚೋಕ್ ಒಳಗೆ ತಳ್ಳಿದರೆ ಜೆಟ್ ಮೇಲೇರಿ ಮಿಕ್ಸ್ಚರ್ ನಟ್ಟಿಗೆ ತಾಗಿ ನಿಲ್ಲಬೇಕು.

ತಾಗಿ ನಿಲ್ಲಬೇಕು. ಟಾರ್ಚ್ ಹಿಡಿದು, ಕತ್ತು ತಿರುಚಿ, ಹಿಂದಿನ ಕಾರ್ಬುರೇಟರ್‌ನ ಬುಡ ನೋಡಿದೆ. ನಟ್ಟಿಗೂ ಜೆಟ್‌ನ ತಲೆಗೂ ನಡುವೆ ಒಂದು ಗೆರೆ ಬೆಳಕು ಕಂಡಿತು. ಎರಡು ನಾಣ್ಯ ತೂರುವಷ್ಟು ಸಂದು. ಚೋಕ್ ಗುಂಡಿ ಪೂರ್ತಿ ಒಳಗಿದೆ, ಜೆಟ್ ಮಾತ್ರ ಅಂಟು ಹಿಡಿದು ಕೆಳಗೇ ನೇತಾಡುತ್ತಿದೆ. ನಿನ್ನೆ ನಾನು ನಟ್ಟನ್ನು ಐದು ಮುಖ ತಿರುಗಿಸಿದರೂ ಏನೂ ಆಗದಿದ್ದದ್ದು ಇದಕ್ಕೇ. ನಟ್ಟು ಮುಟ್ಟಿದ್ದರೆ ತಾನೆ ಜೆಟ್ ಮಾತು ಕೇಳುವುದು!

ಹೆಬ್ಬೆರಳಿಂದ ಕೆಳಗಿಂದ ಒತ್ತಿದೆ. ಮೊದಲು ಜಗ್ಗಲಿಲ್ಲ. ಕಾರ್ಬುರೇಟರ್ ಕ್ಲೀನರ್ ಎರಡು ಹನಿ ಬಿಟ್ಟು, ಸ್ವಲ್ಪ ಹೊತ್ತು ಕಾದು, ಮತ್ತೆ ಒತ್ತಿದೆ. 'ಟಕ್' ಅಂತ ಮೇಲೆ ಹೋಗಿ ಕೂತಿತು. ಆ 'ಟಕ್' ಕೇಳಿದ ಖುಷಿಗೆ ಜೆಟ್ಟನ್ನು ನಾಲ್ಕೈದು ಸಲ ಸುಮ್ನೆ ಕೆಳಗೆಳೆದು ಮೇಲೆ ಬಿಟ್ಟೆ. ಅದೇ ಹೊತ್ತಿನಲ್ಲಿ ಮೇಲಿನ ಗುಮ್ಮಟವನ್ನೂ ಬಿಚ್ಚಿ, ಪಿಸ್ಟನ್ನನ್ನೂ ಒಳಗೋಡೆಯನ್ನೂ ಬಟ್ಟೆಯಿಂದ ಒರೆಸಿದೆ. ಎಮರಿ ಪೇಪರ್ ಅದರ ಹತ್ತಿರವೂ ಸುಳಿಯಬಾರದು. ಒಂದು ಗುಮ್ಮಟಕ್ಕೆ ಒಂದೇ ಪಿಸ್ಟನ್ ಜೋಡಿ, ಮುಂದಿನದನ್ನು ಹಿಂದಕ್ಕೆ ಹಾಕುವ ಹಾಗಿಲ್ಲ. ಪಿಸ್ಟನ್ ಎತ್ತಿ ಬಿಟ್ಟರೆ ಲೋಹಕ್ಕೆ ಲೋಹ ಬಡಿದ ಸದ್ದು ಬರಬೇಕು. ಬಂತು. ಗುಮ್ಮಟದ ಎಣ್ಣೆ ಒಣಗಿತ್ತು, ಅದನ್ನೂ ತುಂಬಿಸಿದೆ. ಇದೊಂದನ್ನು ಐಡ್ಲಿಂಗ್ ಮದ್ದು ಅಂತ ಹೇಳುವವರು ತುಂಬಾ ಜನ. ನನ್ನ ಅನುಭವದಲ್ಲಿ ಅಲ್ಲ. ಆ ಎಣ್ಣೆ ಕೆಲಸಕ್ಕೆ ಬರುವುದು ಆಕ್ಸಿಲರೇಟರ್ ಒತ್ತಿದಾಗ, ಪಿಸ್ಟನ್ ಗಕ್ಕನೆ ಮೇಲೇಳದ ಹಾಗೆ ತಡೆಯಲು.

ಎರಡೂ ಕಾರ್ಬುರೇಟರ್‌ಗಳನ್ನು ಶುರುವಿನ ಲೆಕ್ಕಕ್ಕೆ ತಂದೆ. ಜೆಟ್ಟನ್ನು ಕಾರ್ಬುರೇಟರ್ ಗಂಟಲಿನ ತಳದಲ್ಲಿರುವ 'ಸೇತುವೆ'ಯ ಮಟ್ಟಕ್ಕೆ ಏರಿಸಿ, ಅಲ್ಲಿಂದ ನಟ್ಟನ್ನು ಎರಡು ಸುತ್ತು, ಅಂದರೆ 12 ಮುಖ ಕೆಳಗೆ. ಥ್ರಾಟಲ್ ಸ್ಕ್ರೂ ಪೂರ್ತಿ ಬಿಚ್ಚಿ, ಮುಟ್ಟುವ ಜಾಗದಿಂದ ಒಂದು ಸುತ್ತು ಒಳಗೆ. ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮೊದಲಿದ್ದ ಜಾಗಕ್ಕೆ ವಾಪಸ್ ಹೋಗಲು ಆಗುವುದಿಲ್ಲ, ಎಲ್ಲ ಎಸ್‌ಯುಗಳೂ ಹೊರಡುವ ಜಾಗಕ್ಕೆ ಹೋಗಬಹುದು.

ಸ್ಟಾರ್ಟ್ ಮಾಡಿದೆ. ನಿನ್ನೆಗಿಂತ ಕಡೆ! ನಿನ್ನೆ ಏರಿಳಿದಾದರೂ ಬದುಕಿತ್ತು. ಈಗ ಚೋಕ್ ಒಳಗೆ ತಳ್ಳಿದ ಕೂಡಲೇ ಸತ್ತುಹೋಗುತ್ತದೆ.

ಒಂದು ರಿಪೇರಿ ಮಾಡಿದಾಗ ಗಾಡಿ ಇನ್ನೂ ಕೆಟ್ಟರೆ ಮಾಡಿದ್ದೇ ತಪ್ಪು ಅನಿಸುತ್ತದೆ. ಬಿಚ್ಚಿದ್ದನ್ನೆಲ್ಲ ಮೊದಲಿನ ಹಾಗೆ ಜೋಡಿಸಿಬಿಡೋಣ ಅನಿಸುತ್ತದೆ. ಸ್ವಲ್ಪ ಹೊತ್ತು ಟೂಲ್ ಬಾಕ್ಸ್ ಮೇಲೆ ಕೂತೆ. ಜೆಟ್ ಅಂಟಿಕೊಂಡಿದ್ದು ನಿಜ, ಕಣ್ಣಾರೆ ಕಂಡಿದ್ದೇನೆ. ಅದನ್ನು ಬಿಡಿಸಿದ್ದೂ ಸರಿ. ಹಾಗಾದರೆ ಸುರಿಯುತ್ತಿದ್ದ ಆ ಪೆಟ್ರೋಲ್ ಇಷ್ಟು ಹೊತ್ತು ಬೇರೆ ಯಾವುದನ್ನೋ ಮುಚ್ಚಿ ಹಾಕುತ್ತಿತ್ತು. ಎಲ್ಲಿಂದಲೋ ಕಳ್ಳಗಾಳಿ ಬರುತ್ತಿದೆ, ಹಿಂದಿನ ಜೆಟ್ ಅದಕ್ಕೆ ಸಾಲುವಷ್ಟು ಪೆಟ್ರೋಲ್ ಕೊಡುತ್ತಿತ್ತು. ಒಬ್ಬ ಕಳ್ಳನನ್ನು ಹಿಡಿದಾಗ ಇನ್ನೊಬ್ಬನ ಸುಳಿವು ಸಿಕ್ಕಿತು.

ಚೋಕ್ ಅರ್ಧ ಎಳೆದೆ, ಎಂಜಿನ್ ನುಣ್ಣಗಾಯಿತು. ಪೆಟ್ರೋಲ್ ಹೆಚ್ಚಿಸಿದರೆ ಸರಿಹೋಗುವುದು ಗಾಳಿ ಜಾಸ್ತಿಯಾದ ಎಂಜಿನ್. ಇಲ್ಲೊಂದು ಮೋಸವೂ ಇದೆ. ಈ ಕಾರಿನ ಚೋಕ್ ಕೇಬಲ್ ಮೊದಲ ಸ್ವಲ್ಪ ದೂರ ಥ್ರಾಟಲ್ ಮಾತ್ರ ತೆರೆಯುತ್ತದೆ, ಜೆಟ್ ಇಳಿಸುವುದು ಆಮೇಲೆ. ಹಾಗಾಗಿ ಆರ್‌ಪಿಎಂ ಏರಿತು ಅಂತ ತೀರ್ಮಾನಕ್ಕೆ ಬರಬಾರದು. ಬಡಿತ ಸಮವಾಯಿತಾ ಅಂತ ಕಿವಿಗೊಟ್ಟು ಕೇಳಬೇಕು.

ಕಳ್ಳಗಾಳಿ ಐಡ್ಲಿಂಗ್‌ನಲ್ಲೇ ಯಾಕೆ ಕಾಟ ಕೊಡುತ್ತದೆ? ಐಡ್ಲಿಂಗ್‌ನಲ್ಲಿ ಥ್ರಾಟಲ್ ಹತ್ತಿರ ಹತ್ತಿರ ಮುಚ್ಚಿರುತ್ತದೆ. ಎಂಜಿನ್ ಎಳೆಯುವ ಗಾಳಿ ಒಂದಿಷ್ಟೇ ಇಷ್ಟು, ಆದರೆ ಮ್ಯಾನಿಫೋಲ್ಡ್ (ಕಾರ್ಬುರೇಟರ್‌ನಿಂದ ಸಿಲಿಂಡರ್‌ಗಳಿಗೆ ಹೋಗುವ ಕೊಳವೆ) ಒಳಗಿನ ಸೆಳೆತ ಜೋರು. ಆರೋಗ್ಯವಾಗಿದ್ದರೆ ವ್ಯಾಕ್ಯೂಮ್ ಗೇಜ್ ಸುಮಾರು 18 ಇಂಚು ಪಾದರಸ ತೋರಿಸುತ್ತದೆ. ಆ ಹೊತ್ತಿನಲ್ಲಿ ಸೂಜಿಮೊನೆ ತೂತೂ ದೊಡ್ಡ ಬಾಗಿಲು. ರಸ್ತೆಯಲ್ಲಿ ಓಡುವಾಗ ಎಂಜಿನ್ ಗಟಗಟ ಗಾಳಿ ಕುಡಿಯುತ್ತಿರುತ್ತದೆ, ಆ ತೂತಿನಿಂದ ಬರುವುದು ಲೆಕ್ಕಕ್ಕೇ ಸಿಗುವುದಿಲ್ಲ. "ಓಡುವಾಗ ಚೆನ್ನಾಗಿದೆ, ನಿಲ್ಲಿಸಿದರೆ ಆಫ್ ಆಗುತ್ತದೆ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಹುಡುಕುವುದು ತೂತು. ನನ್ನ ಗೇಜ್ 13ರಲ್ಲಿ ನಿಂತಿತ್ತು. ಮುಳ್ಳು ತಾಳ ಹಾಕಿದ ಹಾಗೆ ಪದೇ ಪದೇ ಜಿಗಿಯುತ್ತಿದ್ದರೆ ವಾಲ್ವ್ ಕಚ್ಚಿಕೊಂಡಿದೆ ಅಂತ ಭಯಪಡಬೇಕಿತ್ತು. ಹಾಗೇನೂ ಇರಲಿಲ್ಲ.

ತೂತು ಹುಡುಕಲು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡುವುದು ವಾಡಿಕೆ. ಈ ಎಂಜಿನ್ನಿನಲ್ಲಿ ಕಾರ್ಬುರೇಟರ್‌ಗಳ ಸರೀ ಕೆಳಗೇ ಕೆಂಡದಂತೆ ಕಾದ ಎಕ್ಸಾಸ್ಟ್ ಇದೆ. ಅಲ್ಲಿ ಉರಿಯುವ ದ್ರವ ಎರಚುವುದು ನನಗಂತೂ ಸರಿ ಕಾಣುವುದಿಲ್ಲ. ಗಿಡಗಳಿಗೆ ನೀರು ಚಿಮುಕಿಸುವ ಬಾಟಲಿ ತಂದೆ. ಒಂದೊಂದು ಜಾಯಿಂಟಿಗೆ ಮಂಜಿನಷ್ಟು ನೀರು, ಕಾದ ಕಬ್ಬಿಣಕ್ಕೆ ತಾಗದ ಹಾಗೆ. ತೂತಿದ್ದರೆ ನೀರು ಒಂದು ಕ್ಷಣ ಅದನ್ನು ಮುಚ್ಚುತ್ತದೆ, ಎಂಜಿನ್ ದನಿ ಬದಲಾಗುತ್ತದೆ. ಗ್ಯಾಸ್ಕೆಟ್, ಏನೂ ಇಲ್ಲ. ಪೈಪಿನ ತುದಿ, ಏನೂ ಇಲ್ಲ. ಥ್ರಾಟಲ್ ತಿರುಗುವ ಸರಳಿನ, ಅಂದರೆ ಸ್ಪಿಂಡಲ್‌ನ ತುದಿಗೆ ಚಿಮುಕಿಸಿದಾಗ ದನಿ ಸ್ವಲ್ಪ ಬದಲಾಯಿತು. ಇದು ನನಗೆ ಗೊತ್ತಿರುವುದೇ. ಹಳೆ ಎಸ್‌ಯುಗಳಲ್ಲಿ ಸ್ಪಿಂಡಲ್ ಸವೆಯುತ್ತದೆ. ಆದರೆ ಸವೆಯಲು ಓಡಬೇಕು, ನಿಂತ ಕಾರಿನಲ್ಲಿ ಸ್ಪಿಂಡಲ್ ಸವೆಯುವುದಿಲ್ಲ. ಈ ಸವೆತ ಇಟ್ಟುಕೊಂಡೇ ಅದು 750ರಲ್ಲಿ ನಿಲ್ಲುತ್ತಿತ್ತು. ಇವತ್ತಿನ ಕಳ್ಳ ಇವನಲ್ಲ.

ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಡಬ್ಬಿಯ ಪೈಪನ್ನು ಬಾಯಲ್ಲಿ ಹೀರಿ, ನಾಲಿಗೆಯಿಂದ ಮುಚ್ಚಿ, ಸೆಳೆತ ನಿಲ್ಲುತ್ತದಾ ಅಂತಲೂ ನೋಡಿದೆ. ನಿಂತಿತು. ಆಮೇಲೆ ನೆನಪಾಯಿತು, ಈ ವರ್ಷದ ಕಾರಿನಲ್ಲಿ ಆ ಪೈಪು ಬರುವುದು ಕಾರ್ಬುರೇಟರ್‌ನಿಂದ, ಥ್ರಾಟಲ್ ತೆರೆದ ಮೇಲೆ ಮಾತ್ರ ಅದಕ್ಕೆ ಸೆಳೆತ ಸಿಗುವುದು. ಐಡ್ಲಿಂಗ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಬಾಯಿ ಮಾತ್ರ ಸಂಜೆವರೆಗೂ ಪೆಟ್ರೋಲ್ ಪೆಟ್ರೋಲ್.

ಸಿಕ್ಕಿದ್ದು ಕಡೆಗೆ ಮ್ಯಾನಿಫೋಲ್ಡ್ ಮೇಲೆ ಕೂತ ಒಂದು ಪುಟ್ಟ ತಗಡಿನ ಡಬ್ಬಿಯಲ್ಲಿ. 1964ರಿಂದ 1968ರವರೆಗಿನ ಎಂಜಿಬಿಗಳಲ್ಲಿ ಎಂಜಿನ್ ಒಳಗಿನ ಹೊಗೆಯನ್ನು ಮ್ಯಾನಿಫೋಲ್ಡ್‌ಗೆ ಎಳೆಯಲು ಒಂದು ವಾಲ್ವ್ ಇರುತ್ತದೆ. ಅದರ ಮುಚ್ಚಳದ ಮೇಲೆ ಗಾಳಿಯಾಡಲು ಸಣ್ಣ ತೂತು. ಅದರ ಹತ್ತಿರ ಬಗ್ಗಿದಾಗ ಸೀಟಿ ಹೊಡೆದ ಹಾಗೆ ತೆಳ್ಳಗೆ 'ಸುಯ್' ಕೇಳಿತು. ಮಗಳನ್ನು ಕರೆದೆ, ನಿನ್ನ ಕಿವಿ ಚೆನ್ನಾಗಿದೆ, ಕೇಳು ಅಂದೆ. ಅವಳು ಕೇಳಲಿಲ್ಲ, ಸೀದಾ ಬೆರಳಿಟ್ಟು ತೂತು ಮುಚ್ಚಿದಳು. 'ಸುಯ್' ನಿಂತಿತು. ಎಂಜಿನ್ ಬಡಿತವೂ ನೆಟ್ಟಗಾಯಿತು.

ಮೇಲಿನ ತಂತಿ ಕ್ಲಿಪ್ ಸರಿಸಿ ಮುಚ್ಚಳ ತೆಗೆದೆ. ಒಳಗೆ ರಬ್ಬರ್ ಪೊರೆ. ನೋಡಲು ಏನೂ ಆಗಿಲ್ಲ. ಬೆಳಕಿಗೆ ಹಿಡಿದು ಮೆಲ್ಲಗೆ ಬಗ್ಗಿಸಿದಾಗ ಮಡಿಕೆಯ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಬಾಯಿ ಬಿಟ್ಟಿತು. 16 ತಿಂಗಳು ಒಂದೇ ಭಂಗಿಯಲ್ಲಿ ಕೂತು ಅದು ಗಟ್ಟಿಯಾಗಿತ್ತು. ಎಂಜಿನ್ ಚಾಲೂ ಆಗಿ ಅದನ್ನು ಅಲುಗಾಡಿಸಿದ್ದೇ ತಡ, ಮಡಿಕೆಯಲ್ಲಿ ಹರಿದಿದೆ. ಹೊಸ ಪೊರೆ ಬರುವವರೆಗೆ ಎರಡು ವಾರ ಕಾದೆ.

ಇಂಜೆಕ್ಷನ್ ಇರುವ ಹಳೆ ಸ್ಪೋರ್ಟ್ಸ್ ಕಾರುಗಳವರು ಇದು ನಮಗಲ್ಲ ಅಂದುಕೊಳ್ಳಬೇಕಿಲ್ಲ. 1970, 80ರ ದಶಕದ ಎಷ್ಟೋ ಕಾರುಗಳಲ್ಲಿರುವ ಬಾಷ್ ಕೆ-ಜೆಟ್ರಾನಿಕ್ ಒಳಬರುವ ಗಾಳಿಯನ್ನು ಒಂದು ತಟ್ಟೆಯಿಂದ ಅಳೆದು ಅದಕ್ಕೆ ತಕ್ಕ ಪೆಟ್ರೋಲ್ ಕೊಡುತ್ತದೆ. ತಟ್ಟೆಯ ಕಣ್ಣು ತಪ್ಪಿಸಿ ಬಂದ ಗಾಳಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಎಂಜಿನ್ ಆಯಿಲ್ ಮುಚ್ಚಳ ಸಡಿಲವಾದರೂ ಐಡ್ಲಿಂಗ್ ಹಾಳಾಗಬಹುದು. ಹಳೆ ಪೆಟ್ರೋಲ್ ಅಂಟಿ ಅದರ ಪ್ಲಂಜರ್ ಕೂಡ ನಮ್ಮ ಜೆಟ್ ಹಾಗೇ ಕಚ್ಚಿಕೊಳ್ಳುತ್ತದೆ.

ಕಾಯುವ ಆ ಎರಡು ವಾರದಲ್ಲಿ ಡಿಸ್ಟ್ರಿಬ್ಯೂಟರ್ ಪಾಯಿಂಟ್ ನೋಡಿದೆ. ಎರಡೂ ಮುಖದ ಮೇಲೆ ಬೂದಿ ಬಣ್ಣದ ಪೊರೆ. ಕ್ಲೀನರ್ ಹಚ್ಚಿದ ದಪ್ಪ ಕಾಗದದ ಚೂರನ್ನು ನಡುವೆ ಎಳೆದಾಡಿ ಒರೆಸಿದೆ. ಫೀಲರ್ ಗೇಜ್ ಹಾಕಿ ನೋಡಿದರೆ ಅಂತರ 0.015 ಇಂಚು, ಇರಬೇಕಾದಷ್ಟೇ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಮುಟ್ಟಲಿಲ್ಲ. ಕೈ ತುರಿಸಿತು, ಆದರೂ ಮುಟ್ಟಲಿಲ್ಲ.

ಹೊಸ ಪೊರೆ ಬಂದ ದಿನ ಗೇಜ್ 17ಕ್ಕೆ ಏರಿತು. ಈಗ ಸ್ಕ್ರೂಗಳ ಸರದಿ. ಎರಡು ಕಾರ್ಬುರೇಟರ್‌ಗಳನ್ನು ಜೋಡಿಸುವ ಸರಳಿನ ಕ್ಲಾಂಪ್ ಸಡಿಲ ಮಾಡಿ, ಒಂದು ರಬ್ಬರ್ ಪೈಪಿನ ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದರ ಬಾಯಿಗೆ. ಎರಡರ 'ಹಿಸ್' ಒಂದೇ ಶ್ರುತಿಗೆ ಬರುವ ತನಕ ಕೂದಲಷ್ಟು ಕೂದಲಷ್ಟು ತಿರುಗಿಸಿದೆ. ಆಮೇಲೆ ಪಿಸ್ಟನ್ ಎತ್ತುವ ಪಿನ್. ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಬೇಕು. ಎತ್ತಿದಾಗ ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಸೊರಗಿದರೆ ಕಡಿಮೆ. ಒಂಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ. ಮುಂದಿನದು 12 ಮುಖದಲ್ಲೇ ಸರಿ ನಿಂತಿತು. ಹಿಂದಿನದಕ್ಕೆ ಇನ್ನೊಂದು ಮುಖ ಬೇಕಾಯಿತು.

ಮುಳ್ಳು 750ರ ಆಸುಪಾಸಿನಲ್ಲಿ ನಿಂತಿದೆ. ಪೂರ್ತಿ ನಿಂತಿಲ್ಲ, ಒಂದು ಕೂದಲಷ್ಟು ಅಲುಗುತ್ತದೆ. ಅದು ಆ ಸವೆದ ಸ್ಪಿಂಡಲ್, ಮುಂದಿನ ವರ್ಷ ನೋಡೋಣ. ಮಗಳು ಬಾನೆಟ್ ಒಳಬದಿಗೆ ಬಿಳಿ ಟೇಪಿನ ಚೂರೊಂದನ್ನು ಅಂಟಿಸಿ ಅದರ ಮೇಲೆ ಪೆನ್ನಿನಲ್ಲಿ ಬರೆದಳು: "ಮುಂದೆ 12, ಹಿಂದೆ 13. ಅಪ್ಪ ಮುಟ್ಟಬಾರದು."